ತರಕಾರಿ ಮಡಿಗಳ ನಡುವಿನ ದಾರಿಗೆ ಏನು ಹಾಕಬೇಕು? ಸಿಮೆಂಟು ಹಾಕಿ ಕೆಟ್ಟವನ ಅನುಭವ

ಕೈತೋಟ ಮಾಡ್ತೇನೆ ಅನ್ನುವವರು ಮೊದಲು ಕೇಳುವುದು ಮಣ್ಣಿನ ಬಗ್ಗೆ. ಆಮೇಲೆ ಬೀಜ, ಗೊಬ್ಬರ, ಹುಳದ ಔಷಧಿ. ಮಡಿಗಳ ನಡುವೆ ದಿನಾ ಓಡಾಡುವ ದಾರಿಗೆ ಏನು ಹಾಕಲಿ ಎಂದು ಕೇಳಿದವರನ್ನು ನಾನು ಕಂಡದ್ದು ಬಹಳ ಕಡಿಮೆ. ನಾನೂ ಯಾರನ್ನೂ ಕೇಳಿರಲಿಲ್ಲ. ಅದರ ಪೆಟ್ಟು ಬಿದ್ದದ್ದು ಮಾತ್ರ ನನಗಲ್ಲ, ನಮ್ಮಮ್ಮನಿಗೆ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟದವರು. ಮನೆಯ ಹಿಂದೆ 30 ಅಡಿ ಅಗಲ, 40 ಅಡಿ ಉದ್ದದ ಜಾಗದಲ್ಲಿ ತರಕಾರಿ ಬೆಳೆಯುತ್ತೇವೆ. ಮಧ್ಯದಲ್ಲಿ 3 ಅಡಿಯ ದೊಡ್ಡ ದಾರಿ, ಅದರ ಎರಡೂ ಬದಿಗೆ ಆರಾರು ಏರು ಮಡಿ. ಒಂದೊಂದು ಮಡಿ 4 ಅಡಿ ಅಗಲ, 12 ಅಡಿ ಉದ್ದ. ಮಡಿ ಮಡಿಯ ನಡುವೆ 2 ಅಡಿಯ ಸಣ್ಣ ದಾರಿ. ಅದಕ್ಕೆ ನಮ್ಮ ಮನೆಯಲ್ಲಿ ಓಣಿ ಅಂತಲೇ ಹೆಸರು. ಈಗ ಒಂದು ಲೆಕ್ಕ ನೋಡಿ. 12 ಮಡಿಗಳಿಗೆ ಹೋದ ಜಾಗ 576 ಚದರ ಅಡಿ. ಉಳಿದ 624 ಚದರ ಅಡಿ ಬರೀ ಓಡಾಡುವ ಜಾಗ! ತೋಟದ ಅರ್ಧಕ್ಕಿಂತ ಹೆಚ್ಚು. ನಾವು ತಲೆ ಕೆಡಿಸಿಕೊಳ್ಳುವುದು ಮಾತ್ರ ಉಳಿದರ್ಧದ ಬಗ್ಗೆ.

ಆ ಅರ್ಧದಲ್ಲಿ ಕಳೆ ಬರ್ತದೆ, ಮಳೆಗಾಲದಲ್ಲಿ ಕೆಸರಾಗ್ತದೆ ಎಂದು 2018ರ ಬೇಸಿಗೆಯಲ್ಲಿ ಅಷ್ಟಕ್ಕೂ 3 ಇಂಚು ಕಾಂಕ್ರೀಟ್ ಹಾಕಿಸಿದೆ. ಮೇಲೆ ನುಣ್ಣಗೆ ಸಿಮೆಂಟು ಗಾರೆ. ಖರ್ಚು 40 ಸಾವಿರದ ಹತ್ತಿರ ಬಂತು. ನೋಡಿದವರೆಲ್ಲ "ಎಂತ ಚಂದ ಆಯ್ತು ಮಾರಾಯ್ರೇ" ಅಂದರು. ಮೊದಲ ಮಳೆಗಾಲ ನಿಜಕ್ಕೂ ಚಂದವೇ ಇತ್ತು. ಕಾಲಿಗೆ ಕೆಸರಿಲ್ಲ, ಕೈಗಾಡಿ ಸಲೀಸಾಗಿ ಹೋಗ್ತಿತ್ತು.

ಎರಡನೇ ಮಳೆಗಾಲಕ್ಕೆ ಹಾವಸೆ ಕಟ್ಟಿತು. 2019ರ ಆಗಸ್ಟ್ ಮೊದಲ ವಾರದ ಮಳೆ ಮಲೆನಾಡಿನವರಿಗೆ ಮರೆಯುವಂಥದ್ದಲ್ಲ. ಆ ಮಳೆ ಸ್ವಲ್ಪ ಹೊಳವಾದ ಒಂದು ಬೆಳಿಗ್ಗೆ ನಾಲ್ಕು ಹರಿವೆ ಕೊಯ್ಕೊಂಡು ಬರ್ತೇನೆ ಎಂದು ಹೋದ ಅಮ್ಮ ಜಾರಿ ಬಿದ್ದಳು. ಬೀಳುವಾಗ ಕೈ ಊರಿದ್ದರಿಂದ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆಗ ಅವಳಿಗೆ 71 ವರ್ಷ. ಆರು ವಾರ ಪಟ್ಟಿ. ಪಟ್ಟಿ ಬಿಚ್ಚಿದ ಮೇಲೂ ತೋಟದ ಕಡೆ ತಿರುಗಲಿಲ್ಲ. "ನಿನ್ನ ಸಿಮೆಂಟಿನ ಮೇಲೆ ಇನ್ನು ಕಾಲಿಡೋದಿಲ್ಲ" ಅಂದುಬಿಟ್ಟಳು. ನಲವತ್ತು ವರ್ಷ ಮನೆಗೆ ತರಕಾರಿ ಬೆಳೆದವಳು ಜಗಲಿಯಲ್ಲಿ ಕೂತು ಪೇಟೆಯಿಂದ ತಂದ ಬೀನ್ಸ್ ಸೋಸುವುದನ್ನು ನೋಡುವಾಗ ನನಗೆ ಹೇಗಾಗಿರಬೇಡ.

ಬರೀ ಜಾರಿಕೆ ಅಲ್ಲ, ನೀರಿನದ್ದೂ ತಪ್ಪಾಗಿತ್ತು

ಅಮ್ಮ ಬಿದ್ದ ಮೇಲೆ ಕಣ್ಣು ಬಿಟ್ಟು ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಬದನೆ, ಮೆಣಸು ಎರಡು ವರ್ಷದಿಂದ ಸೊರಗಿ ಸಾಯುತ್ತಿದ್ದವು. ನಾನು ಬೀಜದ್ದು, ಮಣ್ಣಿನದ್ದು ಎಂದು ದೂರುತ್ತಿದ್ದೆ. 624 ಚದರ ಅಡಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1,470 ಲೀಟರ್ ನೀರು. ಜುಲೈಯಲ್ಲಿ ಒಂದೇ ದಿನ ನಾಲ್ಕಿಂಚು ಹೊಡೆಯುವುದು ನಮ್ಮಲ್ಲಿ ವಿಶೇಷವೇನಲ್ಲ. ಅಂದರೆ ಹತ್ತಿರ ಹತ್ತಿರ 5,900 ಲೀಟರ್. ಮಣ್ಣಿನ ದಾರಿಯಾದರೆ ಒಂದಿಷ್ಟು ಇಂಗಿ, ಒಂದಿಷ್ಟು ಹರಿದು ಹೋಗುತ್ತಿತ್ತು. ಕಾಂಕ್ರೀಟಿಗೆ ಸರಿಯಾದ ಇಳಿಜಾರು ಕೊಡದ ಕಾರಣ ಅಷ್ಟೂ ನೀರು ಮಡಿಗಳ ಬುಡಕ್ಕೆ ನುಗ್ಗುತ್ತಿತ್ತು. ಮಡಿಯ ನಾಲ್ಕೂ ಬದಿಗೆ ಕಾಂಕ್ರೀಟ್ ಇದ್ದದ್ದರಿಂದ ಒಳಗೆ ಹೋದ ನೀರಿಗೆ ಹೊರಗೆ ಬಸಿಯಲು ಜಾಗವೇ ಇರಲಿಲ್ಲ. ಏರು ಮಡಿ ಮಾಡುವುದೇ ನೀರು ಬಸಿಯಲಿ ಅಂತ. ನಾನು ಖರ್ಚು ಮಾಡಿ ಅದನ್ನು ತೊಟ್ಟಿ ಮಾಡಿಟ್ಟಿದ್ದೆ.

ಹಾವಸೆಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ಎಂದು ಹೇಳಿದವರಿದ್ದರು. ಅಂಗಳಕ್ಕಾದರೆ ಸರಿ. ಆದರೆ ಮಡಿಯ ಪಕ್ಕದಲ್ಲಿ ತಿಕ್ಕಿದ್ದೆಲ್ಲ ಮಡಿಗೇ ಇಳಿಯುತ್ತದೆ. ತೋಟದೊಳಗೆ ಅದು ಬೇಡ. ಗಟ್ಟಿ ಪೊರಕೆಯಲ್ಲಿ ಉಜ್ಜುವುದೊಂದೇ ದಾರಿ, ಅದೂ ನಮ್ಮ ಮಳೆಗೆ ವಾರಕ್ಕೊಮ್ಮೆ. ಯಾರಿಗಾಗ್ತದೆ?

2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಆಗಿ ಮಗ ಮನೆಯಲ್ಲೇ ಇದ್ದ. ಅಪ್ಪ ಮಗ ಇಬ್ಬರೂ ಸೇರಿ ಸುತ್ತಿಗೆ, ಹಾರೆ ಹಿಡಿದು ಅಷ್ಟನ್ನೂ ಒಡೆದೆವು. ಹದಿನೈದು ದಿನ ಹಿಡಿಯಿತು. ಕಾಂಕ್ರೀಟ್ ಚೂರುಗಳನ್ನು ಎಸೆಯದೆ ರಾಶಿ ಹಾಕಿಟ್ಟೆವು, ಆಮೇಲೆ ಉಪಯೋಗಕ್ಕೆ ಬಂತು. ಈ ಸಲ ಒಂದೇ ಸಾಮಾನು ಎಲ್ಲ ಕಡೆ ಹಾಕುವ ತಪ್ಪು ಮಾಡಲಿಲ್ಲ. ನಡುವಿನ ಹತ್ತು ಓಣಿಗಳಿದ್ದವಲ್ಲ, ಅವುಗಳಲ್ಲಿ ಬೇರೆ ಬೇರೆ ಹಾಕಿ ಎರಡು ಮಳೆಗಾಲ, ಎರಡು ಬೇಸಿಗೆ ನೋಡಿದೆವು. ಕಂಡದ್ದನ್ನು ಹೇಳ್ತೇನೆ.

ಕಪ್ಪು ವೀಡ್ ಮ್ಯಾಟ್

ಪ್ಲಾಸ್ಟಿಕ್ ನೂಲಿನಲ್ಲಿ ನೇಯ್ದ ಕಪ್ಪು ಹಾಸು. ಎರಡು ಓಣಿಗೆ ಹಾಸಿದೆವು. ಮೊದಲ ವರ್ಷ ಒಂದು ಹುಲ್ಲಿಲ್ಲ, ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಜೇಕು (ಕೊನ್ನಾರಿ ಗಡ್ಡೆ) ಸೂಜಿಯ ಹಾಗೆ ಚುಚ್ಚಿಕೊಂಡು ಮೇಲೆ ಬಂತು. ಮಡಿಯಿಂದ ಉದುರಿದ ಮಣ್ಣು ಹಾಸಿನ ಮೇಲೆ ಕೂತು ಅದರಲ್ಲೇ ಹೊಸ ಕಳೆ ಹುಟ್ಟಿತು. ಅದರ ಬೇರು ನೂಲಿನೊಳಗೆ ಹೊಕ್ಕರೆ ಕಿತ್ತರೆ ಹಾಸೇ ಹರಿದು ಬರುತ್ತದೆ. ಮೇಲೆ ಮಣ್ಣಿನ ತೆಳು ಪದರ ಒದ್ದೆಯಾದಾಗ ಜಾರಿಕೆಯೂ ಇತ್ತು. ಮಾರ್ಚ್ ಬಿಸಿಲಿಗೆ ಬರಿಗಾಲು ಇಡಲಾಗುವುದಿಲ್ಲ. ಒಂದು ದಿನ ಎತ್ತಿ ನೋಡಿದರೆ ಅಡಿಯಲ್ಲಿ ಬಸವನಹುಳದ ಮೊಟ್ಟೆ ರಾಶಿ ರಾಶಿ. ತೆಗೆದುಹಾಕಿದೆ. ನರ್ಸರಿಯವರು ಕುಂಡ ಇಡುವ ಜಾಗಕ್ಕೆ ಇದು ಒಳ್ಳೆಯದು, ಇಲ್ಲವೆನ್ನುವುದಿಲ್ಲ.

ಜಲ್ಲಿ

ಮುಕ್ಕಾಲು ಇಂಚಿನ ಜಲ್ಲಿಯನ್ನು ಒಂದು ಓಣಿಗೆ, ಬೇಬಿ ಜಲ್ಲಿಯನ್ನು ಇನ್ನೊಂದಕ್ಕೆ ಹಾಕಿದೆವು. ನೀರು ಚೆನ್ನಾಗಿ ಬಸಿಯುತ್ತದೆ, ಜಾರುವುದಿಲ್ಲ. ಆದರೆ ಅಡಿಗೆ ಗಟ್ಟಿ ತಳ ಕೊಡದೆ ನೇರ ಕೆಂಪು ಮಣ್ಣಿನ ಮೇಲೆ ಸುರಿದದ್ದರಿಂದ ಒಂದೇ ಮಳೆಗಾಲದಲ್ಲಿ ಅರ್ಧ ಜಲ್ಲಿ ಮಣ್ಣೊಳಗೆ ಹೋಯಿತು. ಉಳಿದದ್ದು ಕಾಲಿಗೆ ಸಿಕ್ಕಿ ಮಡಿಗೆ ಹಾರಿತು. ಮೂಲಂಗಿ ಕೀಳುವಾಗ ಜಲ್ಲಿ ಸಿಗುತ್ತಿತ್ತು! ಕೈಗಾಡಿಯ ಚಕ್ರವೂ ಹೂತುಕೊಳ್ಳುತ್ತದೆ. ಹಳ್ಳಿ ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ದಪ್ಪ ಜಲ್ಲಿ ಶಿಕ್ಷೆಯೇ. ಹಾಕುವುದೇ ಆದರೆ ಬೇಬಿ ಜಲ್ಲಿ ಹಾಕಿ. ಎರಡೂ ಅಂಚಿಗೆ ಕಲ್ಲು ನೆಡಿ, ಅಡಿಗೆ ಕ್ರಷರ್ ಪುಡಿ ಹಾಕಿ ದಮ್ಮಸು ಮಾಡಿ.

ಹಸಿರು ಹೊದಿಕೆ: ಕಾಡು ಶೇಂಗಾ, ಗರಿಕೆ, ಒಂದೆಲಗ

ಗರಿಕೆ ತಾನಾಗಿ ಬಂದಿತ್ತು, ಅದನ್ನೇ ಕತ್ತರಿಸಿ ಇಟ್ಟುಕೊಳ್ಳೋಣ ಅಂದುಕೊಂಡೆ. ದಯವಿಟ್ಟು ಈ ಆಸೆ ಬೇಡ. ಅದರ ಬಳ್ಳಿ ಮಡಿಯ ಅಡಿಯಿಂದ ನುಗ್ಗಿ ಕ್ಯಾರೆಟ್ ನಡುವೆ ತಲೆ ಎತ್ತುತ್ತದೆ. ಒಮ್ಮೆ ಒಳಗೆ ಹೋದರೆ ಮಡಿಯನ್ನೇ ಅಗೆದು ಜಾಲಾಡಬೇಕು.

ಕಾಡು ಶೇಂಗಾ ಅಂತ ನರ್ಸರಿಗಳಲ್ಲಿ ಕೊಡ್ತಾರಲ್ಲ, ಹಳದಿ ಹೂವಿನದು, ಬ್ರೆಜಿಲ್ ಮೂಲದ ಗಿಡ. ಅದು ನೋಡಲು ಎಲ್ಲದಕ್ಕಿಂತ ಚಂದ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ, ಅರೆ ನೆರಳಲ್ಲೂ ಬರುತ್ತದೆ, ಮಣ್ಣು ಕೊಚ್ಚಿ ಹೋಗುವುದನ್ನು ತಡೆಯುತ್ತದೆ. ಮಳೆ ಶುರುವಾದಾಗ ಗೇಣುದ್ದದ ಬಳ್ಳಿ ತುಂಡುಗಳನ್ನು ನೆಟ್ಟರೆ ಸಾಕು. ಆದರೆ ದಿನಾ ಮೆಟ್ಟುವ ಕಡೆ ನಡುವೆ ಬೋಳಾಗಿ ಅಂಚಿನಲ್ಲಿ ಮಾತ್ರ ಸೊಂಪಾಗಿ ಉಳಿಯಿತು. ಮಳೆಗಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತಿಯಲ್ಲಿ ಸವರದಿದ್ದರೆ ಮಡಿ ಹತ್ತುತ್ತದೆ. ಅಷ್ಟು ದಟ್ಟ ಹಸಿರಿನಲ್ಲಿ ಕಾಲಿಡುವ ಜಾಗ ಕಾಣುವುದಿಲ್ಲ. ಕೊಳಕುಮಂಡಲ ಓಡಾಡುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ದಾರಿಯಿಂದ ತೆಗೆದು, ಹೆಚ್ಚು ಓಡಾಟವಿಲ್ಲದ ಎರಡು ಕೊನೆಯ ಅಂಚುಗಳಿಗೆ ಕಳಿಸಿದ್ದೇನೆ. ಅಲ್ಲಿ ಸುಖವಾಗಿದೆ. ಸವರಿದ ಸೊಪ್ಪು ಬಾಳೆ ಬುಡಕ್ಕೆ.

ಒಂದೆಲಗ ನಮ್ಮಲ್ಲಿ ತೇವ ಇದ್ದ ಕಡೆ ತಾನಾಗಿ ಹಬ್ಬುತ್ತದೆ. ನೆಲಕ್ಕೆ ಅಂಟಿಕೊಂಡು ಬರುವುದರಿಂದ ಹಾವಿನ ಹೆದರಿಕೆ ಇಲ್ಲ, ಅಷ್ಟಿಷ್ಟು ತುಳಿತವನ್ನೂ ತಡೆಯುತ್ತದೆ. ಒಂದು ಓಣಿಯಲ್ಲಿ ಬಿಟ್ಟೆ. ಅಮ್ಮನ ತಕರಾರು ಬೇರೆಯೇ: "ನೀವೆಲ್ಲ ಮೆಟ್ಟಿದ ಒಂದೆಲಗದ ತಂಬುಳಿ ನಂಗೆ ಬೇಡ." ಅದೂ ಹೌದು. ಈಗ ಬಸಿಗಾಲುವೆಯ ಅಂಚಿಗೆ ಸರಿಸಿದ್ದೇವೆ. ತಂಬುಳಿಗೂ ಆಗ್ತದೆ, ಕಾಲುವೆಯ ದಂಡೆಯೂ ಕುಸಿಯುವುದಿಲ್ಲ.

ಅಡಿಕೆ ಸಿಪ್ಪೆ

ನಮಗೆ ಕೈ ಹಿಡಿದದ್ದು ಇದು. ನಮ್ಮ ಕಡೆ ಹಸಿ ಅಡಿಕೆ ಸುಲಿದು ಬೇಯಿಸುವ ಕ್ರಮ, ಹಾಗಾಗಿ ಸುಗ್ಗಿಯಲ್ಲಿ ಹಸಿ ಸಿಪ್ಪೆಯ ರಾಶಿ. ಎಷ್ಟೋ ಜನ ಅದನ್ನು ರಸ್ತೆ ಬದಿಗೆ ಸುರಿದು, ಅದು ಕೊಳೆತು ನಾತ ಬಂದು, ಊರಿನವರಿಂದ ಬೈಸಿಕೊಳ್ಳುತ್ತಾರೆ. ಹಸಿ ಸಿಪ್ಪೆಯನ್ನು ನೇರ ದಾರಿಗೆ ಹಾಕಬೇಡಿ. ಒಳಗೆ ಬಿಸಿಯಾಗುತ್ತದೆ, ನೊಣ ಬರುತ್ತದೆ, ಚೊಗರು ನೀರು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಹದಿನೈದು ಇಪ್ಪತ್ತು ದಿನ ತೆಳ್ಳಗೆ ಹರಡಿ ಒಣಗಿಸಿ, ಇಲ್ಲವೇ ಹಿಂದಿನ ವರ್ಷದ ಹಳೇ ರಾಶಿಯಿಂದ ತನ್ನಿ.

ಹಾಕುವ ರೀತಿ ಹೀಗೆ. ಮೊದಲು ಓಣಿಯ ನಡುವೆ 4 ಇಂಚು ಆಳದ ಸಣ್ಣ ಕಾಲುವೆ ತೋಡಿ, ಅದರ ಬಾಯಿ ಹೊರಗಿನ ಬಸಿಗಾಲುವೆಗೆ ಸೇರಬೇಕು. ನಾನು ಕಾಲುವೆಗೆ ಒಡೆದ ಕಾಂಕ್ರೀಟ್ ಚೂರು ತುಂಬಿದೆ, ನೀವು ಕಲ್ಲುಚೂರು ಹಾಕಬಹುದು. ಅದರ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಟೇಪು ಕಿತ್ತು, ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಹಾಸಿ. ಮಿಂಚುವ ಬಣ್ಣದ ರಟ್ಟು ಬೇಡ. ಮೇಲೆ 5 ಇಂಚು ಸಿಪ್ಪೆ. ಒಂದು ಓಣಿಗೆ 10 ಘನ ಅಡಿ ಬೇಕು, ಅಂದರೆ ಗೊಬ್ಬರದ ಚೀಲದಲ್ಲಿ ಐದಾರು ಚೀಲ. ಒಂದು ಮಳೆಗಾಲಕ್ಕೆ ಇಳಿದು ಅರ್ಧವಾಗುತ್ತದೆ, ಪ್ರತಿ ಸುಗ್ಗಿಯಲ್ಲಿ ಮೇಲಿನಿಂದ ಹೊಸದು ಹಾಕುತ್ತಾ ಹೋಗಬೇಕು.

ರಟ್ಟು ಹಾಕಿದರೂ ಜೇಕು ಬರ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಸಡಿಲ ಸಿಪ್ಪೆಯಲ್ಲಿ ಗಡ್ಡೆಯ ಸಮೇತ ಕೈಗೆ ಬರುತ್ತದೆ. ಬೇರೆ ಕಳೆ ನೂರಕ್ಕೆ ತೊಂಬತ್ತು ಕಮ್ಮಿಯಾಯಿತು ಅನ್ನಬಹುದು, ನನ್ನ ಬೆನ್ನಿನ ಲೆಕ್ಕದಲ್ಲಿ. ಎರಡು ವರ್ಷದ ನಂತರ ಅಡಿಯ ಸಿಪ್ಪೆ ಕಪ್ಪಾಗಿ ಎರೆಹುಳ ತುಂಬಿಕೊಂಡಿತ್ತು. ಅದನ್ನು ಸಲಿಕೆಯಲ್ಲಿ ಎತ್ತಿ ಪಕ್ಕದ ಮಡಿಗೆ ಹಾಕಿದೆವು. ದಾರಿಯೇ ಗೊಬ್ಬರದ ಗುಂಡಿ ಆಯಿತು ಅಂತ ಮಗನಿಗೆ ಆಶ್ಚರ್ಯ. ಪೂರ್ತಿ ಕೊಳೆಯದ ಸಿಪ್ಪೆಯನ್ನು ಮಾತ್ರ ಮಡಿಯ ಮಣ್ಣಿಗೆ ಬೆರೆಸಬೇಡಿ, ಅದು ಕೊಳೆಯಲು ಗಿಡದ ಪಾಲಿನ ಸಾರಜನಕ ತಿನ್ನುತ್ತದೆ. ಮೇಲೆ ಹೊದಿಕೆಯಾಗಿ ಇದ್ದರೆ ತೊಂದರೆ ಇಲ್ಲ.

ತೊಂದರೆ ಇಲ್ಲವೇ ಅಂದರೆ ಇದೆ. ಜೂನ್ ಜುಲೈಯಲ್ಲಿ ಸಿಪ್ಪೆಯೊಳಗೆ ಬಸವನಹುಳ ಅಡಗುತ್ತದೆ. ಸಂಜೆ ಒದ್ದೆ ಗೋಣಿಚೀಲದ ಅಡಿಗೆ ಪಪ್ಪಾಯಿ ಎಲೆ ಇಟ್ಟು ಓಣಿಯಲ್ಲಿ ಹಾಸಿದರೆ ರಾತ್ರಿ ಬಂದು ಸೇರಿಕೊಳ್ಳುತ್ತವೆ, ಬೆಳಿಗ್ಗೆ ಹೆಕ್ಕಿ ಬಕೆಟ್ಟಿನ ಉಪ್ಪು ನೀರಿಗೆ ಹಾಕಿ. ಉಪ್ಪನ್ನು ದಾರಿಗೆ ಎರಚಬೇಡಿ, ಮಣ್ಣು ಹಾಳು. ಉಂಬಳವೂ ಸೇರುತ್ತದೆ. ಪಕ್ಕದ ಮರದ ಕೊಂಬೆ ಸವರಿ ಬಿಸಿಲು ಬೀಳುವ ಹಾಗೆ ಮಾಡಿದ ಮೇಲೆ ಕಡಿಮೆಯಾಯಿತು.

ದೊಡ್ಡ ದಾರಿಗೆ ಮಾತ್ರ ಕಲ್ಲು

ಸಿಪ್ಪೆಯ ಮೇಲೆ ತುಂಬಿದ ಕೈಗಾಡಿ ತಳ್ಳುವುದು ಕಷ್ಟ. ವಯಸ್ಸಾದವರಿಗೂ ಕಾಲಡಿ ಮೆತ್ತಗೆ ಅಲುಗಿದರೆ ಧೈರ್ಯ ಬರುವುದಿಲ್ಲ. ಅದಕ್ಕೆ ನಡುವಿನ 3 ಅಡಿ ದಾರಿಗೆ ಚಪ್ಪಡಿ ಕಲ್ಲು ಹಾಕಿದೆವು. ಜಂಬಿಟ್ಟಿಗೆ ಅಗ್ಗ, ಹತ್ತಿರದಲ್ಲೇ ಸಿಗ್ತದೆ. ಆದರೆ ಅದು ನೀರು ಹೀರಿ ಒದ್ದೆಯಾಗೇ ಇರುವುದರಿಂದ ನೆರಳಲ್ಲಿ ಹಾವಸೆ ಹಿಡಿಯುವುದರಲ್ಲಿ ಸಿಮೆಂಟಿಗಿಂತ ಕಮ್ಮಿಯೇನಲ್ಲ. ಮಡಿಯ ಅಂಚು ಕಟ್ಟಲು ಜಂಬಿಟ್ಟಿಗೆ ಚೆನ್ನ, ನಡೆಯಲು ಬೇಡ. ಪಾಲಿಶ್ ಮಾಡಿದ ಯಾವ ಕಲ್ಲೂ, ಟೈಲ್ಸೂ ಬೇಡ. ಉಳಿಯಲ್ಲಿ ಒರಟಾಗಿ ಹೊಡೆದ ಗ್ರಾನೈಟ್ ಚಪ್ಪಡಿಯೇ ಆಗಬೇಕು.

3 ಅಡಿ ಉದ್ದ, ಒಂದೂವರೆ ಅಡಿ ಅಗಲದ 25 ಕಲ್ಲು ಹಿಡಿಯಿತು. 3 ಇಂಚು ದಪ್ಪದ ಅಂಥ ಕಲ್ಲು ಒಂದೊಂದೂ 85 ಕಿಲೋ ಮೇಲೆ ತೂಗುತ್ತದೆ, ಒಬ್ಬರೇ ಎತ್ತಲು ಹೋಗಬೇಡಿ. ಅಡಿಗೆ ಜಲ್ಲಿ, ಅದರ ಮೇಲೆ ಕ್ರಷರ್ ಪುಡಿ. ಸಿಮೆಂಟು ಹಾಕಲೇ ಇಲ್ಲ. ಕಲ್ಲು ಕಲ್ಲಿನ ನಡುವೆ ಒಂದಿಂಚು ಸಂದಿ ಬಿಟ್ಟು ಪುಡಿಯನ್ನೇ ತುಂಬಿದೆವು, ನೀರು ಅಲ್ಲೇ ಇಳಿಯುತ್ತದೆ. ದಾರಿಯ ಉದ್ದಕ್ಕೆ 10 ಅಡಿಗೆ ಎರಡು ಇಂಚಿನಂತೆ ಇಳಿಜಾರು. ಇದನ್ನು ಕಣ್ಣಳತೆಯಲ್ಲಿ ಮಾಡಬೇಡಿ. ಗಾರೆಯವರು ಬಳಸುವ ಲೆವೆಲ್ ಪೈಪಿಗೆ ನೀರು ತುಂಬಿ ನೋಡಿದರೆ ಹತ್ತು ನಿಮಿಷದ ಕೆಲಸ. ಮೊದಲ ಸಲ ನಾನು ಮಾಡದೆ ಬಿಟ್ಟದ್ದು ಈ ಹತ್ತು ನಿಮಿಷದ ಕೆಲಸವನ್ನೇ.

ಬಯಲುಸೀಮೆಯಲ್ಲಿ ಲೆಕ್ಕ ಬೇರೆ

ತಂಗಿಯನ್ನು ಕೊಟ್ಟದ್ದು ತಿಪಟೂರಿನ ಹತ್ತಿರ. ನನ್ನ ಓಣಿ ನೋಡಿ ಹೋಗಿ ಅವಳೂ ತೆಂಗಿನ ಸಿಪ್ಪೆ ಹಾಸಿದಳು, ಅಲ್ಲಿ ಅದಕ್ಕೇನು ಬರ. ಒಂದು ತಿಂಗಳಿಗೆ ಫೋನು: "ಅಣ್ಣಾ, ಸಿಪ್ಪೆಗೆಲ್ಲ ಗೆದ್ದಲು ಹತ್ತಿದೆ. ಈಗ ಏನ್ಮಾಡ್ಲಿ?" ಒಣ ಕೆಂಪು ಮಣ್ಣಿನಲ್ಲಿ ಒಣ ಸಿಪ್ಪೆ ಇಟ್ಟರೆ ಗೆದ್ದಲು ಬರುವುದೇ. ಸಿಪ್ಪೆಯನ್ನು ಗಿಡದ ಸಾಲಿನಿಂದ ಒಂದು ಗೇಣು ದೂರ ಇಡಲು ಹೇಳಿದೆ, ಬಚ್ಚಲ ನೀರನ್ನು ಓಣಿಗೆ ತಿರುಗಿಸಲು ಹೇಳಿದೆ. ತೇವ ಇದ್ದ ಕಡೆ ಸಿಪ್ಪೆ ಬೇಗ ಕೊಳೆತು ಗೆದ್ದಲಿನ ಕಾಟ ತಗ್ಗಿತಂತೆ. ಇನ್ನೊಂದು ಮಾತು: ದಾರಿಯ ಮೇಲೆ ತೆಂಗಿನ ಸಿಪ್ಪೆ ಹಾಸುವಾಗ ಉಬ್ಬಿದ ಬೆನ್ನು ಮೇಲೆ ಬರಬೇಕು. ಬಟ್ಟಲಿನ ಹಾಗೆ ಮೇಲ್ಮುಖ ಇಟ್ಟರೆ ನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ. ಮಣ್ಣೊಳಗೆ ಹೂಳುವುದಾದರೆ ಮಾತ್ರ ಮೇಲ್ಮುಖ, ತೇವ ಹಿಡಿಯಲಿ ಎಂದು.

ಅಸಲಿಗೆ ಮಳೆ ಕಡಿಮೆ ಇರುವ ಕಡೆ ಏರು ಮಡಿಯೇ ಬೇಕಾ ಎಂದು ಮೊದಲು ಕೇಳಿಕೊಳ್ಳಿ. ಅಲ್ಲಿ ಮಡಿಯನ್ನು ನೆಲಮಟ್ಟಕ್ಕಿಂತ ಸ್ವಲ್ಪ ತಗ್ಗಿಸಿ, ದಾರಿಯನ್ನೇ ಎತ್ತರ ಮಾಡಿದರೆ ದಾರಿಗೆ ಬಿದ್ದ ಮಳೆಯೂ ಗಿಡಕ್ಕೆ ಸಿಗುತ್ತದೆ. ನಮಗೆ ಶತ್ರುವಾದ ನೀರು ಅವರಿಗೆ ಆಸ್ತಿ.

ಅಳತೆ ಬಗ್ಗೆಯೂ ಒಂದು ಮಾತು ಹೇಳಬೇಕು. 4 ಅಡಿ ಮಡಿ ನನ್ನ ಕೈಗೆ ಸರಿ, ಎರಡೂ ಬದಿಯಿಂದ ನಡುವಿನವರೆಗೆ ಎಟಕುತ್ತದೆ. ಅಮ್ಮನಿಗೆ ಎಟಕುವುದಿಲ್ಲ. ಬಗ್ಗಿ ಆಯ ತಪ್ಪುತ್ತಿದ್ದದ್ದು ಅದಕ್ಕೂ ಹೌದು ಎಂದು ಆಮೇಲೆ ಅನ್ನಿಸಿತು. ದೊಡ್ಡ ದಾರಿಗೆ ಹತ್ತಿರದ ಎರಡು ಮಡಿಗಳನ್ನು ಅವಳಿಗೆಂದೇ 3 ಅಡಿಗೆ ಇಳಿಸಿದೆ. ದಾರಿಯ ಪಕ್ಕ ಗೂಟ ನೆಟ್ಟು ಅಡಿಕೆ ದಬ್ಬೆಯ ಕೈಹಿಡಿ ಕಟ್ಟಿದೆ. ದಬ್ಬೆ ಎರಡು ವರ್ಷಕ್ಕೆ ಕುಂಬಾಗ್ತದೆ, ಬದಲಿಸ್ತಾ ಇರಬೇಕು.

ಕಲ್ಲು ಹಾಕಿದ ಮೇಲೂ ಅಮ್ಮ ಒಂದು ಮಳೆಗಾಲ ಪೂರ್ತಿ ಹಿತ್ತಿಲ ಬಾಗಿಲಲ್ಲೇ ನಿಂತು ನೋಡಿದಳು. ಮರುವರ್ಷ ಜುಲೈಯಲ್ಲಿ ಒಂದು ದಿನ ನಾನು ತೋಟದಿಂದ ಬಂದಾಗ ಬುಟ್ಟಿಯಲ್ಲಿ ಅಲಸಂದೆ ಇತ್ತು. ಯಾರು ಕೊಯ್ದದ್ದು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ದಿನಾ ಹೋಗ್ತಾಳೆ. ಮೊನ್ನೆ ಬಂದವಳು, "ಮೂರನೇ ಕಲ್ಲು ಅಲುಗಾಡ್ತದೆ, ನೋಡು" ಅಂದಳು. ಹೋಗಿ ನೋಡಿದೆ. ಅಡಿಯ ಪುಡಿ ಒಂದು ಬದಿಗೆ ತೊಳೆದು ಹೋಗಿದೆ. ಸದ್ಯಕ್ಕೆ ಸಂದಿಗೆ ಚೂರುಕಲ್ಲು ಕೊಟ್ಟಿದ್ದೇನೆ, ಮಳೆ ಹೊಳವಾದ ಮೇಲೆ ಎತ್ತಿ ಮತ್ತೆ ಕೂರಿಸಬೇಕು.